ಮಡಿಲ ಮೇಲಿನ ಸಾರು

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಹಾಲು ತರಲು ಆತುರಪಡುವುದಿಲ್ಲ. ಮೊದಲು ಯಾವ ರಸ್ತೆ ಬಂದಿದೆ ಎಂದು ಗೊತ್ತಾಗಬೇಕು. ಊರಿಗೆ ಇರುವುದು ಒಂದೇ ರಸ್ತೆ, ಅದು ಊರನ್ನು ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರುತ್ತದೆ. ಅಮಾವಾಸ್ಯೆಯ ದಿನ ಎಲ್ಲರೂ ಮಲಗಿದ ಮೇಲೆ ಅದೂ ಮಗ್ಗುಲು ಬದಲಾಯಿಸುತ್ತದೆ. ಬೆಳಗಾಗುವಷ್ಟರಲ್ಲಿ, ಪ್ರಪಂಚದಲ್ಲಿ ಎಲ್ಲೋ ಕಾರಿನ ಪಂದ್ಯ ನಡೆಯುವ ಯಾವುದೋ ಒಂದು ದಾರಿಯ ಆಕಾರಕ್ಕೆ ಬಂದು ಬಿದ್ದುಕೊಂಡಿರುತ್ತದೆ. ಮುಂದಿನ ಅಮಾವಾಸ್ಯೆಯವರೆಗೆ ಅದೇ ನಮಗೆ ಹಾಲಿನ ದಾರಿ, ಶಾಲೆಯ ದಾರಿ, ದಿಬ್ಬಣದ ದಾರಿ. ಹಿಂದಕ್ಕೆ ತಿರುಗುವ ಹಾಗಿಲ್ಲ. ಅಂಗಡಿಯಲ್ಲಿ ಉಪ್ಪು ಮರೆತರೆ ಇನ್ನೊಂದು ಪೂರ್ತಿ ಸುತ್ತು.

ಮೊನಾಕೊದ ರಸ್ತೆ ಬಂದ ತಿಂಗಳು ಗಾಳಿಯಲ್ಲೆಲ್ಲ ಸಮುದ್ರದ ವಾಸನೆ. ಮನೆಗಳ ಮಧ್ಯೆ ರಸ್ತೆ ಎಷ್ಟು ಕಿರಿದಾಗುತ್ತದೆ ಎಂದರೆ ಅಡುಗೆಮನೆ ಕಿಟಕಿಯಿಂದ ಕೈ ಚಾಚಿ ಬಸ್ಸಿನಲ್ಲಿ ಕೂತವರಿಗೆ ಕಾಫಿ ಕೊಡಬಹುದು. ಒಬ್ಬರನ್ನೊಬ್ಬರು ಹಿಂದಿಕ್ಕುವ ಮಾತೇ ಇಲ್ಲ. ಬೆಳಿಗ್ಗೆ ಗ್ಯಾಸಿನ ಗಾಡಿಯ ಹಿಂದೆ ಸಿಕ್ಕಿಕೊಂಡವರು ಸಂಜೆಯವರೆಗೂ ಸಿಲಿಂಡರುಗಳ ಮುಖ ನೋಡುತ್ತಲೇ ಹೋಗಬೇಕು. ಮೊಂಜಾ ಬಂದರೆ ಉದ್ದುದ್ದಕ್ಕೆ ನೆಟ್ಟಗಿನ ದಾರಿ; ಎಲ್ಲರೂ ಎಲ್ಲ ಕಡೆಗೂ ಬೇಗ ತಲುಪಿ, ಇನ್ನೂ ಬಾಗಿಲು ತೆರೆಯದ ಅಂಗಡಿಗಳ ಮುಂದೆ ಆಕಳಿಸುತ್ತ ನಿಲ್ಲುತ್ತಾರೆ. ಜಾಂಡ್‌ವೋರ್ಟ್ ತಿಂಗಳಲ್ಲಿ ದಿಣ್ಣೆಯ ಮರಳು ಹಾರಿ ಬಂದು ಅನ್ನದಲ್ಲಿ ಕಟುಂ ಎನ್ನುತ್ತದೆ. ಇಂಟರ್‌ಲಾಗೋಸ್ ಎಡಕ್ಕೆ ಸುತ್ತುವ ರಸ್ತೆ. ಬಲಕ್ಕೆ ಒಗ್ಗಿದ ಕತ್ತುಗಳೆಲ್ಲ ಉಳುಕಿ ನೋವಿನೆಣ್ಣೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನನಗೆ ಇಷ್ಟವಾದದ್ದು ಸುಜುಕಾ. ಎರಡು ಕುಣಿಕೆ ಹಾಕಿದ ದಾರದಂತೆ ಸುತ್ತಿ, ತನ್ನ ಮೇಲೆ ತಾನೇ ಸೇತುವೆಯಾಗಿ ದಾಟುವ ರಸ್ತೆ ಅದು. ಆ ತಿಂಗಳು ನಮ್ಮ ಮನೆ ಸೇತುವೆಯ ಪಕ್ಕಕ್ಕೆ ಬಂದಿತ್ತು, ಗೆಳತಿ ಸರ್ವಕ್ಕನದು ಸೇತುವೆಯ ಕೆಳಗೆ. ಗಾಡಿಗಳ ಸದ್ದಿನಲ್ಲಿ ಮಾತು ಕೇಳಿಸದೆ ಇಬ್ಬರೂ ಕೈಸನ್ನೆ ಕಲಿತೆವು. ಅಂಗೈ ಗುಳಿ ಮಾಡಿ ತೋರಿಸಿದರೆ ಬಟ್ಟಲು. ಅಂದರೆ ಏನೋ ಬೇಕಾಗಿದೆ, ಇಳಿಬಿಡು ಎಂದು. ಹಗ್ಗಕ್ಕೆ ಬಟ್ಟಲು ಕಟ್ಟಿ ಇಳಿಬಿಡುತ್ತಿದ್ದದ್ದು ನನ್ನ ಮಗಳು ಹರಿಣಿ. ಒಂದು ದಿನವೂ ಒಂದು ಹನಿ ಮಜ್ಜಿಗೆ ಚೆಲ್ಲಲಿಲ್ಲ. ಸರ್ವಕ್ಕ ಹುಟ್ಟಿದ ಮೇಲೆ ಮಾತಿಲ್ಲದೆ ಇದ್ದದ್ದು ಅದೊಂದೇ ತಿಂಗಳು.

ಇಂಥ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಒಂದು ಪರೀಕ್ಷೆ ಇದೆ. ಪರೀಕ್ಷೆ ಕೊಡುವವರ ಮನೆಯಲ್ಲಿ ತಿಳಿಸಾರು ಕುದಿಸಬೇಕು. ಆ ಮನೆಯವರೊಬ್ಬರು ಮುಚ್ಚಳವಿಲ್ಲದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂರಬೇಕು. ಒಂದು ಸುತ್ತು ಮುಗಿದು ಫಲಿತಾಂಶ ಹೇಳುವವರೆಗೆ ಪಾತ್ರೆ ಮಡಿಲಿನಿಂದ ಇಳಿಯಬಾರದು, ಹಿಡಿದವರು ತುಟಿ ಬಿಚ್ಚಬಾರದು. ಆಮೇಲೆ ಶಾಲೆಯ ತುಂಗಾ ಟೀಚರ್ ಸೌಟು ಹಿಡಿದು ಬಂದು ಎರಡೇ ವಿಷಯ ನೋಡುತ್ತಾರೆ. ಸಾರು ಪಾತ್ರೆಯ ಕಂಠದ ಗೆರೆಯವರೆಗೆ ಇದೆಯೇ? ಊದದೆ ಕುಡಿಯಲಾಗದಷ್ಟು ಬಿಸಿ ಇದೆಯೇ? ನಿಧಾನಿಸಿದರೆ ಆರುತ್ತದೆ, ಅವಸರ ಮಾಡಿದರೆ ಚೆಲ್ಲುತ್ತದೆ. ಒಬ್ಬರಿಗೆ ಮೂರು ಅವಕಾಶ. ಮೂರರಲ್ಲೂ ಸೋತವರಿಗೆ ಜೀವನವಿಡೀ ಪಕ್ಕದ ಸೀಟು.

ಹರಿಣಿ ಎರಡು ಸಲ ಸೋತಿದ್ದಳು. ಮೊದಲನೆಯದು ಲಗುನಾ ಸೆಕಾ ರಸ್ತೆಯಲ್ಲಿ. ದಿಬ್ಬದ ತುದಿಗೆ ಹೋದಮೇಲೆ ರಸ್ತೆ ಇದ್ದಕ್ಕಿದ್ದಂತೆ ಬಾವಿಯ ಮೆಟ್ಟಿಲಿನಂತೆ ತಿರುಚಿಕೊಂಡು ಕೆಳಗಿಳಿಯಿತು, ಸಾರೂ ಇಳಿಯಿತು, ನನ್ನ ಹಸಿರು ಸೀರೆಯ ಮೇಲೆ. ಎರಡನೆಯದು ಸ್ಪಾ. ಕಾಡಿನ ನಡುವೆ ಜಾರಿ ಇಳಿದು, ಇಳಿದ ಕೂಡಲೇ ಗೋಡೆಯಂತೆ ಏರುವ ಜಾಗ ಅಲ್ಲಿದೆ. ಆ ಕಲೆ ನನ್ನ ಹಳದಿ ಸೀರೆಯಲ್ಲಿ ಈಗಲೂ ಇದೆ. ಪ್ರಪಂಚದ ತಿರುವುಗಳನ್ನು ಬೇರೆಯವರು ಎಲ್ಲಿ ನೋಡುತ್ತಾರೋ, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೋಡುತ್ತೇನೆ.

ಇದು ಮೂರನೆಯ ಅವಕಾಶ. ಶಾಲೆಗಳಿಗೆ ಮಧ್ಯಾಹ್ನದ ಊಟ ಒಯ್ಯುವ ಅನ್ನದ ವ್ಯಾನಿಗೆ ಹೊಸ ಡ್ರೈವರ್ ಬೇಕಾಗಿತ್ತು. ಆ ಸಲ ಪರೀಕ್ಷೆಗೆ ನಿಂತವರು ಇಬ್ಬರು. ಒಬ್ಬ ಸರ್ವಕ್ಕನ ಮಗ ಮುಕುಂದ. ಅವನಿಗೆ ಅದು ಮೊದಲ ಸಲ. ಬಾಗಿಲು ಹಾಕಿಕೊಳ್ಳುವುದರೊಳಗೆ ಗಾಡಿ ಹೊರಡಿಸುವ ಹುಡುಗ. ಇನ್ನೊಬ್ಬಳು ಹರಿಣಿ. ಹೆಸರಿಟ್ಟಾಗ ನಮಗೇನು ಗೊತ್ತಿತ್ತು? ನಡೆಯಲು ಕಲಿತದ್ದೇ ತಡವಾಗಿ. ತಟ್ಟೆಯ ಮುಂದೆ ಕೂತರೆ ಉಳಿದವರು ಕೈ ತೊಳೆದು, ಎಲೆ ಅಡಿಕೆ ಹಾಕಿ, ಒಂದು ನಿದ್ದೆ ತೆಗೆದು ಎದ್ದರೂ ಅವಳದು ಮೊಸರನ್ನಕ್ಕೆ ಬಂದಿರುತ್ತಿರಲಿಲ್ಲ. ಊರವರು ಬಸವನಹುಳು ಎಂದು ಕರೆಯುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೇಸರ ಮಾಡಿಕೊಳ್ಳಲೂ ಸ್ವಲ್ಪ ಹೊತ್ತು ಬೇಕಲ್ಲ. ಆದರೆ ಅನ್ನದ ವ್ಯಾನಿನ ವಿಷಯ ಬಂದಾಗ ಮಾತ್ರ ಅವಳ ಮುಖ ಬೇರೆಯಾಗುತ್ತಿತ್ತು. "ಆ ಕೊನೆ ಶಾಲೆ ಮಕ್ಕಳು ಯಾವತ್ತೂ ತಣ್ಣಗಿನ ಸಾರೇ ತಿಂದಿದ್ದು ಅಮ್ಮ. ನಾನೂ ಅಲ್ಲೇ ಓದಿದ್ದು," ಎನ್ನುತ್ತಿದ್ದಳು. ಅಷ್ಟೇ. ಅವಳು ಹೆಚ್ಚು ಹೇಳುವವಳಲ್ಲ.

ಪರೀಕ್ಷೆ ಇದ್ದದ್ದು ಅಮಾವಾಸ್ಯೆಯ ಮರುದಿನ. ಬೆಳಿಗ್ಗೆ ಚೌಡಪ್ಪ ಮೇಷ್ಟ್ರು ಕೊಡೆ ಹಿಡಿದು ಹೊರಟರು. ಬಂದ ರಸ್ತೆ ಯಾವುದೆಂದು ಗುರುತಿಸಿ ಹೇಳುವುದು ಅವರ ಕೆಲಸ. ಹಿಂದೆ ಸುತ್ತು ಪೂರ್ತಿ ನಡೆದು ಬಂದು ಹೇಳುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮೂಗೆತ್ತಿ ಒಂದು ಸಲ ಉಸಿರೆಳೆದು, ಬಂದು ಹೇಳುತ್ತಾರೆ. ಅಂದು ದಟ್ಟ ಕಾಡು, ಮಂಜು. ಮೇಷ್ಟ್ರ ಕೊಡೆಯ ಒಂದು ಪಕ್ಕ ಒದ್ದೆ, ಇನ್ನೊಂದು ಪಕ್ಕ ಒಣಗಿಕೊಂಡೇ ಇತ್ತು.

"ಸ್ಪಾ!" ಎಂದು ಸಾರಿದರು. "ಈ ಕಡೆ ಮಳೆ, ಆ ಕಡೆ ಬಿಸಿಲು. ಕಾಡು. ಇನ್ನೇನು ಬೇಕು? ಏಳು ಕಿಲೋಮೀಟರಿಗೆ ಸುತ್ತು ಮುಗೀತು."

ಹರಿಣಿ ಸಂತೋಷದಿಂದ ನನ್ನ ಕೈ ಹಿಸುಕಿದಳು. ಸ್ಪಾದಲ್ಲಿ ಸೋತವಳು ಆ ರಸ್ತೆಯ ಒಂದೊಂದು ಬಾಗನ್ನೂ ರಂಗೋಲಿಯಲ್ಲಿ ಬಿಡಿಸಿ ಬಾಯಿಪಾಠ ಮಾಡಿದ್ದಳು. ನಾನು ಒಳಗೆ ಹೋಗಿ, ಎಷ್ಟಾದರೂ ತಾಯಿಯ ಕೈ ನೋಡಿ, ಬೇಳೆ ಒಂದು ಹಿಡಿ ಹೆಚ್ಚೇ ಹಾಕಿದೆ. ಗಟ್ಟಿಯಾದದ್ದು ಅಷ್ಟು ಸುಲಭಕ್ಕೆ ಚೆಲ್ಲುವುದಿಲ್ಲ. ಅವಳು ಬಂದು ಸೌಟು ಆಡಿಸಿ ನೋಡಿದಳು.

"ಅಮ್ಮಾ, ಇದೇನು, ಸಾರಾ ತೊವ್ವೆಯಾ?"

"ಸ್ವಲ್ಪ ಬೇಳೆ ಕೈ ತಪ್ಪಿ ಬಿತ್ತು ಕಣೇ."

"ಮಕ್ಕಳಿಗೆ ದಿನಾ ಹೋಗೋದು ತಿಳಿಸಾರು. ನಾಳೆ ಅದನ್ನೇ ಹೊರಬೇಕಾದವಳು ಇವತ್ತು ತೊವ್ವೆ ಹೊತ್ತು ಪಾಸಾದರೆ ಏನು ಬಂತು?" ಎಂದು ತಾನೇ ನೀರು ಹೊಯ್ದು, ಮತ್ತೆ ಕುದಿಸಿ, ಒಗ್ಗರಣೆ ಹಾಕಿದಳು. ನಾನು ಬಿಳಿ ಸೀರೆ ಎತ್ತಿಟ್ಟು ಕಾಫಿ ಬಣ್ಣದ್ದು ಉಟ್ಟೆ.

ಶಾಲೆಯ ಮುಂದೆ ಮಕ್ಕಳ ಊಟದ ಅಡುಗೆಮನೆಯ ಎರಡು ಹಳೆಯ ವ್ಯಾನುಗಳು ನಿಂತಿದ್ದವು. ಆ ವ್ಯಾನುಗಳಲ್ಲಿ ಎಂಜಿನ್ ಮುಂದೆ ಮೂತಿಯಲ್ಲಿಲ್ಲ. ಡ್ರೈವರಿಗೂ ಪಕ್ಕದ ಸೀಟಿಗೂ ನಡುವೆ ತಗಡಿನ ಪೆಟ್ಟಿಗೆಯೊಳಗೆ ಗುಡುಗುತ್ತಿರುತ್ತದೆ. ಮುಂದಿನ ವ್ಯಾನಿನಲ್ಲಿ ಸರ್ವಕ್ಕ ಪಾತ್ರೆ ಹಿಡಿದು ಕೂತಿದ್ದಳು. ಪರೀಕ್ಷೆ ಶುರುವಾಗುವ ಮುನ್ನ ಉಳಿದಿದ್ದ ಹೊತ್ತನ್ನು ಅವಳು ಒಂದು ಕ್ಷಣವೂ ಹಾಳು ಮಾಡುತ್ತಿರಲಿಲ್ಲ.

"ನೋಡು ಕನಕಾ, ನಮ್ಮ ಮುಕುಂದ ಪಾಸಾದರೂ ನೀನು ಮುಖ ಊದಿಸ್ಕೋಬಾರದು. ಹರಿಣಿ ಪಾಸಾದರೆ ನಾನು ಊದಿಸ್ಕೋತೀನಿ, ಅದು ಬೇರೆ ವಿಷಯ. ಹಿಂಗು ಹಾಕಿದೀಯಾ? ನಾನು ಹಾಕಿದೀನಿ. ಬಾಯಿ ಮುಚ್ಕೊಂಡು ಹೇಗೆ ಕೂರೋದೋ, ನನಗಂತೂ..." ತುಂಗಾ ಟೀಚರ್ ಸೀಟಿ ಊದಿದರು. ಸರ್ವಕ್ಕನ ಬಾಯಿ ಅರ್ಧದಲ್ಲೇ ಮುಚ್ಚಿತು. ಮುಕುಂದನ ವ್ಯಾನು ಹೊಗೆ ಬಿಟ್ಟು ಮಂಜಿನೊಳಗೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ನಮ್ಮದು ಹೊರಟಿತು.

ಪಾತ್ರೆ ಹಿಡಿದವರು ಮಾತಾಡಬಾರದು, ಆದರೆ ಓಡಿಸುವವರು ಆಡಬಹುದು. ಹರಿಣಿ ಅಷ್ಟು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಮೊದಲೇ ಒಂದು ಮೊಳಕೈ ತಿರುವು ಬರಬೇಕಲ್ಲ ಅಮ್ಮ... ಇದೇನು, ಹಾವು ಹರಿದ ಹಾಗೆ ಹೋಗ್ತಾನೇ ಇದೆ." ಒಂದು ದಿಬ್ಬ ಬಂತು. ಅದರ ನೆತ್ತಿಯಲ್ಲಿ ಗಾಡಿಯ ಚಕ್ರಗಳು ನೆಲ ಬಿಡುವಂತಿದ್ದವು. ಆಗಷ್ಟೇ ನಿದ್ದೆಹೋದ ಮಗುವಿನ ಪಕ್ಕದಿಂದ ಏಳುವ ಹಾಗೆ ಅವಳು ಅದನ್ನು ದಾಟಿಸಿದಳು. ಸಾರು ಒಂದು ಸಲ ಉಬ್ಬಿ, ಗೆರೆ ಮುಟ್ಟಿ, ಇಳಿಯಿತು. ಆಮೇಲೆ ರಸ್ತೆ ಪಾತಾಳಕ್ಕಿಳಿದು ಮತ್ತೆ ಏರಿತು. "ಹಾ, ಬಂತು! ಇದು ಏರಿದ ಮೇಲೆ ಉದ್ದಕ್ಕೆ ನೆಟ್ಟಗಿನ ರಸ್ತೆ ಅಮ್ಮ. ಅಲ್ಲಿ ಸಾರು ಆರೋದರೊಳಗೆ ಓಡಿಸಿಬಿಡ್ತೀನಿ."

ಏರಿದೆವು. ನೆಟ್ಟಗಿನ ರಸ್ತೆ ಬರಲಿಲ್ಲ. ಎಡಕ್ಕೊಂದು ತಿರುವು, ಬಲಕ್ಕೊಂದು, ಮತ್ತೆ ಎಡಕ್ಕೆ. ಕಾಡು ಮುಗಿಯಲಿಲ್ಲ. ನಮ್ಮೂರಿಗೆ ಇಷ್ಟೊಂದು ಮರಗಳು ಎಲ್ಲಿಂದ ಬಂದವೋ. ಹರಿಣಿ ಎರಡೂ ಪಕ್ಕದ ಮರಗಳನ್ನು ನೋಡಿದಳು. ಆಮೇಲೆ ಮೆತ್ತಗೆ, "ಅಮ್ಮಾ, ಇದು ಸ್ಪಾ ಅಲ್ಲ," ಎಂದಳು.

ನಾನು ಅವಳ ಮುಖ ನೋಡಿದೆ. ಬೇರೇನು ಮಾಡಲಿ?

"ಇದು ನೂರ್ಬರ್ಗ್. ನಾನು ಹುಟ್ಟೋಕೆ ಮುಂಚೆ ಒಂದು ಸಲ ಬಂದಿತ್ತಂತಲ್ಲ, ಅಜ್ಜಿ ಹೇಳ್ತಿದ್ದರು. ಮುಗಿಯೋದೇ ಇಲ್ಲ, ಇಪ್ಪತ್ತು ಕಿಲೋಮೀಟರ್ ಅಂತ. ತಿರುವು ಎಣಿಸೋಕೆ ಹೋದವರು ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡ್ತಿದ್ದರಂತೆ."

ನನಗೂ ನೆನಪಾಯಿತು. ಆ ತಿಂಗಳು ನನ್ನ ಅತ್ತೆ ಕೊತ್ತಂಬರಿ ಸೊಪ್ಪು ತರಲು ಹೋಗಿ ಒಣಗಿದ ಕೊತ್ತಂಬರಿ ತಂದಿದ್ದರು. ನಾನು ಪಾತ್ರೆಯೊಳಗೆ ನೋಡಿದೆ. ಹೊರಟಾಗ ಮುಖಕ್ಕೆ ಹೊಡೆಯುತ್ತಿದ್ದ ಆವಿ ಈಗ ತೆಳ್ಳಗಾಗಿತ್ತು. ಸಾರಿನ ಮೇಲಿನ ಒಗ್ಗರಣೆಯ ತುಪ್ಪ ಅಂಚಿಗೆ ಸರಿದು ಕೂರತೊಡಗಿತ್ತು. ಇದು ಎಲ್ಲ ತಾಯಂದಿರಿಗೂ ಗೊತ್ತಿರುವ ಗುರುತು: ಇನ್ನು ಸ್ವಲ್ಪ ಹೊತ್ತಿಗೆ ಯಾರೂ ಊದುವುದಿಲ್ಲ. ಏಳು ಕಿಲೋಮೀಟರಿಗೆ ಸಾಕಾಗುವ ಬಿಸಿಯನ್ನು ಇಪ್ಪತ್ತಕ್ಕೆ ಹಂಚುವುದು ಹೇಗೆ? ಚೌಡಪ್ಪ ಮೇಷ್ಟ್ರ ಮಂಡಿಗೆ ಮನಸ್ಸಿನಲ್ಲೇ ಎರಡು ಮಾತು ಅಂದೆ. ಮನಸ್ಸಿನಲ್ಲಿ ಅನ್ನಬಾರದೆಂದು ನಿಯಮವಿಲ್ಲ.

ಹರಿಣಿ ವೇಗ ಹೆಚ್ಚಿಸಲಿಲ್ಲ. ಗಾಬರಿಯಾದವರು ಹೆಚ್ಚಿಸುತ್ತಾರೆ. ಅವಳಿಗೆ ಗಾಬರಿ ತಲುಪಲೂ ಹೊತ್ತು ಬೇಕು, ಅಷ್ಟರಲ್ಲಿ ಒಂದು ಸೇತುವೆ ದಾಟಿ ರಸ್ತೆ ಉದ್ದಕ್ಕೆ ಏರತೊಡಗಿತು. ಏರು, ಏರು, ಬರೀ ಏರು. ಹಳೆಯ ವ್ಯಾನು ನಡುವಯಸ್ಸಿನ ನನ್ನಂತೆಯೇ ಏದುಸಿರು ಬಿಡುತ್ತ ಹತ್ತಿತು. ನಡುವಿನ ತಗಡಿನ ಪೆಟ್ಟಿಗೆ ಕಾದು, ಪಕ್ಕದಲ್ಲಿದ್ದ ನನ್ನ ತೊಡೆಗೆ ಶಾಖ ಬಡಿಯತೊಡಗಿತು. ಹರಿಣಿ ಅದರ ಮೇಲೆ ಒಂದು ಬೆರಳಿಟ್ಟು ಸರ್ರನೆ ತೆಗೆದಳು. ಒಂದು ತಿರುವಿನಷ್ಟು ಹೊತ್ತು ಯೋಚಿಸಿದಳು.

"ಅಮ್ಮಾ, ಪಾತ್ರೆ ಮಡಿಲಿಂದ ಇಳೀಬಾರದು ಅಂತ ನಿಯಮ. ಮಡಿಲು ಎಲ್ಲಿರಬೇಕು ಅಂತ ನಿಯಮ ಇಲ್ಲ ಅಲ್ವಾ?"

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಎಂಜಿನ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೋತೀಯಾ? ಅಕ್ಕಿ ಚೀಲ ಇದೆ ಕೆಳಗೆ, ಮಡಚಿ ಹಾಕ್ಕೋ. ಪಾತ್ರೆಯ ತಳ ಮಾತ್ರ ತಗಡಿಗೆ ಹತ್ತಿರ ಇರಲಿ. ನಿಧಾನಕ್ಕೆ ಸರಿ. ನಾನು ಒಂದು ಚೂರೂ ಅಲುಗಿಸೋಲ್ಲ."

ಮಗಳನ್ನು ಹೆತ್ತಾಗ ಸೂಲಗಿತ್ತಿ ಕೂಡ ಇಷ್ಟು ಮೆತ್ತಗೆ ಹೇಳಿರಲಿಲ್ಲ. ಖಾಲಿ ಗೋಣಿಚೀಲ ಮಡಚಿ ಹಾಕಿ, ಪಾತ್ರೆ ಹಿಡಿದುಕೊಂಡೇ ಅಂಗುಲ ಅಂಗುಲ ಸರಿದು, ಎಂಜಿನ್ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತೆ. ಮೊದಲು ಬೆಚ್ಚಗಾಯಿತು. ಚಳಿಯಲ್ಲಿ ಪರವಾಗಿಲ್ಲ ಎನಿಸಿತು. ಆಮೇಲೆ ಬಿಸಿಯಾಯಿತು. ಆಮೇಲೆ ರೊಟ್ಟಿಗೆ ಏನನ್ನಿಸುತ್ತದೆ ಎಂದು ತಿಳಿಯಿತು. ಆದರೆ ಸಾರಿನ ಮೇಲೆ ಆವಿ ಮತ್ತೆ ಎದ್ದಿತು. ಅಂಚಿಗೆ ಸರಿದಿದ್ದ ತುಪ್ಪ ನಡುವಿಗೆ ಬಂದು ಕುಣಿಯಿತು. ಹಲ್ಲು ಕಚ್ಚಿ ಕೂತೆ.

ಏರಿನ ತುದಿಗೆ ಮುಕುಂದನ ವ್ಯಾನು ಪಕ್ಕಕ್ಕೆ ನಿಂತಿತ್ತು. ಅಲ್ಲಿ ರಸ್ತೆ ಒಂದೇ ಕಡೆಗೆ ಸುತ್ತಿ ಸುತ್ತಿ ತಿರುಗುವ ದೊಡ್ಡ ಬಾಗು. ಬಾಗಿನ ಒಳಅಂಚಿನಲ್ಲಿ ಸಿಮೆಂಟಿನ ಕಾಲುವೆಯಂತೆ ಬಾಣಲೆಯಾಕಾರದ ಹಳ್ಳ, ಹೊರಗೆ ಮಟ್ಟಸ ರಸ್ತೆ. ಮುಕುಂದ ಹಳ್ಳಕ್ಕೆ ಹೆದರಿ ಹೊರಗಿನ ಮಟ್ಟಸ ರಸ್ತೆಯಲ್ಲಿ ಜೋರಾಗಿ ತಿರುಗಿಸಿದ್ದನೆಂದು ಸರ್ವಕ್ಕನನ್ನು ನೋಡಿದರೇ ತಿಳಿಯುತ್ತಿತ್ತು. ಅವಳು ರಸ್ತೆಯ ಪಕ್ಕ ನಿಂತಿದ್ದಳು, ಕುತ್ತಿಗೆಯಿಂದ ಕೆಳಗೆ ಪೂರ್ತಿ ಸಾರು. ಜಡೆಯಲ್ಲಿ ಕರಿಬೇವು. ಪಾತ್ರೆಯಲ್ಲಿ ಒಂದು ಸೌಟು ಉಳಿದಿತ್ತೇನೋ, ಅದನ್ನು ಎದೆಗವಚಿಕೊಂಡು ತುಟಿ ಬಿಗಿಹಿಡಿದು ನಿಂತಿದ್ದಳು. ಫಲಿತಾಂಶ ಹೇಳುವವರೆಗೆ ಮೌನವೆಂದರೆ ಮೌನ. ಹೇಳಲು ಅಷ್ಟೊಂದು ಇದ್ದೂ ಒಂದೂ ಹೇಳಲಾಗದೆ ಅವಳ ಕಣ್ಣು ಹೊರಗೆ ಬರುವಂತಿದ್ದವು.

ನಮ್ಮ ವ್ಯಾನು ಹತ್ತಿರ ಬಂದಾಗ ಅವಳು ಒಂದು ಕೈ ಎತ್ತಿದಳು. ಅಂಗೈ ಗುಳಿ ಮಾಡಿದಳು. ಆ ಗುಳಿಯ ತಳವನ್ನು ಮೂಗಿನಿಂದ ತೋರಿಸಿದಳು. ಇನ್ನೊಂದು ಕೈಯಲ್ಲಿ ಪಾತ್ರೆ ಇತ್ತಲ್ಲ.

"ಸರ್ವತ್ತೆ ಬಟ್ಟಲು ಅಂತಿದಾರೆ," ಎಂದಳು ಹರಿಣಿ. "ಈಗ್ಯಾಕೆ ಬಟ್ಟಲು..." ಹಳ್ಳದ ಕಡೆ ನೋಡಿ, "ಓ! ಬಟ್ಟಲೊಳಗೆ ಇಳಿ ಅಂತ!"

ಎಡಗಡೆಯ ಎರಡು ಚಕ್ರಗಳನ್ನು ಸಿಮೆಂಟಿನ ಹಳ್ಳಕ್ಕೆ ಇಳಿಬಿಟ್ಟಳು. ಸುಜುಕಾ ತಿಂಗಳಲ್ಲಿ ಮಜ್ಜಿಗೆಯ ಬಟ್ಟಲು ಇಳಿಬಿಟ್ಟ ಹಾಗೆಯೇ. ವ್ಯಾನು ಒಂದು ಪಕ್ಕಕ್ಕೆ ವಾಲಿತು, ನಾನೂ ವಾಲಿದೆ, ಪಾತ್ರೆಯೂ ವಾಲಿತು. ಪ್ರಪಂಚವೇ ಓರೆಯಾಗಿ ಕಾಣುತ್ತಿದ್ದರೂ ಸಾರು ಮಾತ್ರ ಗೆರೆಗೆ ಸರಿಯಾಗಿ ಕೂತೇ ಇತ್ತು, ಪೂಜೆಗೆ ಕೂತವರಂತೆ. ತಿರುಗಿ ನೋಡಿದೆ. ಸರ್ವಕ್ಕ ಸಾರು ಮೆತ್ತಿದ ಸೆರಗಿನಿಂದ ಕಣ್ಣೊರೆಸಿಕೊಂಡು, ಖಾರ ತಾಗಿ, ಮೌನವಾಗಿ ಎಗರಾಡುತ್ತಿದ್ದಳು.

ಕಾಡು ಕೊನೆಗೂ ಬಿಟ್ಟುಕೊಟ್ಟಾಗ ಎದುರಿಗೆ ಉದ್ದಕ್ಕೆ ನೆಟ್ಟಗಿನ ರಸ್ತೆ. ಹರಿಣಿ ನಕ್ಕಳು. "ಈಗ ನೋಡು ಅಮ್ಮ." ಬಸವನಹುಳು ಆಕ್ಸಿಲರೇಟರ್ ಪೂರ್ತಿ ಒತ್ತಿದ್ದನ್ನು ಊರಿನಲ್ಲಿ ನೋಡಿದವಳು ನಾನೊಬ್ಬಳೇ. ಎಂಜಿನ್ ಪೂರ್ತಿ ಕಾದದ್ದನ್ನು ಅನುಭವಿಸಿದವಳೂ ನಾನೊಬ್ಬಳೇ.

ಶಾಲೆಯ ಮುಂದೆ ಜನ ಸೇರಿದ್ದರು. ನಾವು ಇಷ್ಟು ಹೊತ್ತಾದರೂ ಬಾರದ್ದರಿಂದ ಇದು ನೂರ್ಬರ್ಗ್ ಎಂದು ಅವರಿಗೂ ತಿಳಿದಿತ್ತು. ಚೌಡಪ್ಪ ಮೇಷ್ಟ್ರು, "ಎರಡೂ ಕಾಡೇ ಅಲ್ವೇನ್ರಪ್ಪಾ, ಮರಗಳು ಹೆಸರು ಬರ್ಕೊಂಡು ನಿಂತಿರ್ತಾವಾ?" ಎಂದು ಎಲ್ಲರಿಗೂ ಹೇಳುತ್ತಿದ್ದರು. ತುಂಗಾ ಟೀಚರ್ ಬಂದು ವ್ಯಾನಿನ ಬಾಗಿಲು ತೆರೆದರು. ಎಂಜಿನ್ ಮೇಲೆ ದೇವರಂತೆ ಕೂತಿದ್ದ ನನ್ನನ್ನು ನೋಡಿ ಹುಬ್ಬೇರಿಸಿದರು.

"ಪಾತ್ರೆ ಮಡಿಲಲ್ಲೇ ಇದೆ ಟೀಚರ್," ಎಂದಳು ಹರಿಣಿ.

ಟೀಚರ್ ಬಗ್ಗಿ ನೋಡಿದರು. ಆ ಕಡೆಯಿಂದ ನೋಡಿದರು. ಕನ್ನಡಕ ಒರೆಸಿಕೊಂಡು ಈ ಕಡೆಯಿಂದ ನೋಡಿದರು. ನನ್ನ ಕೆಳಗೆ ಗೋಣಿಚೀಲ ಸುಟ್ಟ ವಾಸನೆ ಬರುತ್ತಿತ್ತು. "ಗೆರೆಗೆ ಸರಿಯಾಗಿದೆ," ಎಂದರು. "ಅಳತೆಯಲ್ಲಿ ತಪ್ಪಿಲ್ಲ. ಬಿಸಿ ಮಾತ್ರ, ಪಾಪ, ಇಪ್ಪತ್ತು ಕಿಲೋಮೀಟರ್... ಎಲ್ಲಿಂದ ಬರಬೇಕು." ಒಳ್ಳೆಯ ಹೆಂಗಸು. ಹರಿಣಿಗೆ ಬೇಸರವಾಗದಿರಲಿ ಎಂದು ಹೆಸರಿಗೆ ಒಂದು ಸೌಟು ತೆಗೆದು, ಊದದೆ, ಗಟಗಟನೆ ಬಾಯಿಗೆ ಹಾಕಿಕೊಂಡರು.

ಅವರ ಕಣ್ಣು ತುಂಬಿ ಬಂದವು. ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಬಾಯಿ ತೆರೆದರೆ ಬರೀ ಆವಿ.

"ಕುಡಿದರು! ಊದದೇ ಕುಡಿದರು!" ಎಂದು ಚೌಡಪ್ಪ ಮೇಷ್ಟ್ರು ಕೊಡೆ ಎತ್ತಿದರು. "ನಿಯಮ ಏನು? ಊದದೆ ಕುಡಿಯಲಾದರೆ ಫೇಲು. ನಾವೇ ನೋಡಿದ್ವಲ್ಲ."

"ನಾಲಗೆ ಸುಟ್ಟಿದೆ ಮೇಷ್ಟ್ರೇ, ಮುಖ ನೋಡಿ!" ಎಂದಳು ಹರಿಣಿ.

"ಮುಖದ ವಿಷಯ ನಿಯಮದಲ್ಲಿ ಇಲ್ಲಮ್ಮ."

ಬೆಳಿಗ್ಗೆ ಕಾಡು ಗುರುತಿಸಲಾಗದ ಮನುಷ್ಯನಿಗೆ ಈಗ ನಿಯಮದ ಅಕ್ಷರ ಅಕ್ಷರವೂ ಗುರುತು ಸಿಗುತ್ತಿತ್ತು. ಜನ ಎರಡು ಪಂಗಡವಾಗಿ ವಾದಕ್ಕೆ ನಿಂತರು. ತೀರ್ಪು ಹೇಳಬೇಕಾದವರಿಗೆ ನಾಲಗೆ ಏಳುತ್ತಿಲ್ಲ. ನನಗೆ ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ. ವಾದ ಮಾಡುವವರಿಗೆ ನನಗಿದ್ದ ಹಾಗೆ ಕೆಳಗಿನಿಂದ ಯಾವ ಅವಸರವೂ ಇರಲಿಲ್ಲ. ಹರಿಣಿ ಸ್ಟೀರಿಂಗ್ ಬಿಡದೆ ಕೂತಿದ್ದಳು. ನಾನು ಒಂದು ಕೈಯಲ್ಲಿ ಪಾತ್ರೆ ಹಿಡಿದು, ಇನ್ನೊಂದನ್ನು ಅವಳ ಕೈಮೇಲಿಟ್ಟೆ.

ಆಗ ತುಂಗಾ ಟೀಚರ್ ಸೌಟಿನ ಹಿಡಿಯಿಂದ ವ್ಯಾನಿನ ತಗಡನ್ನು ಟಣ್ ಎಂದು ಬಡಿದರು. ಎಲ್ಲರೂ ಆ ಕಡೆ ತಿರುಗಿದರು. ಟೀಚರ್ ಪಾತ್ರೆಯಿಂದ ಇನ್ನೊಂದು ಸೌಟು ತೆಗೆದರು. ಮೇಷ್ಟ್ರ ಮುಖದ ಹತ್ತಿರಕ್ಕೆ ಒಯ್ದು, ಅವರ ತುಟಿಗೆ ಹಿಡಿದರು. ಮೇಷ್ಟ್ರು ಆವಿ ನೋಡಿದರು, ಜನರನ್ನು ನೋಡಿದರು, ಟೀಚರನ್ನು ನೋಡಿದರು. ಆಮೇಲೆ ತಮಗೇ ತಿಳಿಯದಂತೆ, ಮಗುವಿನ ಹಾಗೆ ತುಟಿ ಮುಂದೆ ಮಾಡಿ, "ಫೂ..." ಎಂದು ಊದಿದರು.

ಊರೇ ಹೋ ಎಂದಿತು. ಟೀ‍ಚರ್ ಒಂದು ಲೋಟ ನೀರು ಕುಡಿದು, ತೊದಲುತ್ತ, "ಪಾಚು," ಎಂದರು.

ಆ ದಿನ ನಾನು ಆಡಿದ ಮೊದಲ ಮಾತು, "ಈಗ ಏಳಬಹುದಾ?"

ಮುಕುಂದ ಆಮೇಲೆ ಬಂದ, ಪಾತ್ರೆಯ ತಳದಲ್ಲಿ ಒಂದು ಸೌಟು ತಣ್ಣಗಿನ ಸಾರಿನೊಂದಿಗೆ. ಸರ್ವಕ್ಕ ವ್ಯಾನಿನಿಂದ ಇಳಿದು, ಟೀಚರ್ ಬಾಯಿಂದ ಫೇಲು ಎಂಬ ಮಾತು ಬೀಳುವುದನ್ನೇ ಕಾದಿದ್ದು, ಅಲ್ಲಿಂದ ಶುರು ಮಾಡಿದವಳು ದೀಪ ಹಚ್ಚುವವರೆಗೂ ನಿಲ್ಲಿಸಲಿಲ್ಲ. ಹೇಳಿದ ಹಾಗೆ ನನ್ನ ಮೇಲೆ ಮುಖ ಊದಿಸಿಕೊಳ್ಳಲು ಅವಳಿಗೆ ಬಿಡುವೇ ಸಿಗಲಿಲ್ಲ. ಮುಲಾಮು ತಂದುಕೊಟ್ಟವಳೂ ಅವಳೇ. ಕಾಫಿ ಬಣ್ಣದ ಸೀರೆಯ ಮುಂಭಾಗದಲ್ಲಿ ಒಂದು ಹನಿ ಸಾರಿನ ಕಲೆ ಇಲ್ಲ. ಹಿಂಭಾಗವನ್ನು ಮಾತ್ರ ಯಾರಿಗೂ ತೋರಿಸುವ ಹಾಗಿಲ್ಲ.

ಮುಂದಿನ ಅಮಾವಾಸ್ಯೆ ಕಳೆದು ಬೆಳಗಾದಾಗ ಕಿಟಕಿಯಿಂದ ಸಮುದ್ರದ ವಾಸನೆ ಬಂತು. ಮೇಷ್ಟ್ರು ಈ ಸಲ ಕೋಲೂರಿಕೊಂಡು ಪೂರ್ತಿ ಸುತ್ತು ನಡೆದು ಬಂದು ಹೇಳಿದರು, ಮೊನಾಕೊ. ಬೆಳಿಗ್ಗೆ ಅಡುಗೆಮನೆಯಿಂದ ಮೊದಲು ಹೊರಟದ್ದು ಅನ್ನದ ವ್ಯಾನು. ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತ ಕಿಟಕಿಯಲ್ಲಿ ನೋಡುತ್ತೇನೆ, ಹರಿಣಿ ಮೆಲ್ಲಗೆ ಬರುತ್ತಿದ್ದಾಳೆ, ಹಿಂದೆ ಹಾಲಿನ ಗಾಡಿ, ಗ್ಯಾಸಿನ ಗಾಡಿ, ಬಸ್ಸು, ಬಸವನಹುಳು ಎಂದವರೆಲ್ಲ ಸಾಲಾಗಿ, ಕೊನೆಯಲ್ಲಿ ಸ್ಕೂಟರಿನ ಮೇಲೆ ಮೇಷ್ಟ್ರು. ದಾಟಲು ಒಂದು ಮೊಳ ಜಾಗವಿಲ್ಲ. ಮೇಷ್ಟ್ರು ಪೀ ಪೀ ಎಂದು ಹಾರನ್ ಒತ್ತಿದರು.

ಹರಿಣಿ ಕಿಟಕಿಯಿಂದ ಕೈ ಹೊರಗೆ ಚಾಚಿ, ಅಂಗೈ ಗುಳಿ ಮಾಡಿ ತೋರಿಸಿದಳು. "ಸಾರಿದೆ ಮೇಷ್ಟ್ರೇ!"

ಹಾರನ್ ನಿಂತಿತು. ನಾನು ಕಿಟಕಿಯಿಂದ ಕೈ ಚಾಚಿ ಅವಳಿಗೆ ಕಾಫಿ ಕೊಟ್ಟೆ. ಹಿಂದಿದ್ದವರೆಲ್ಲ ಕಾದರು. ಅವಳು ಊದಿ ಊದಿ, ನಿಧಾನವಾಗಿ ಕುಡಿದು, ಲೋಟ ವಾಪಸು ಕೊಟ್ಟಳು.